ಕಾಡಂಚಿನ ನಾಲ್ಕು ಎಕರೆ: ಪರಿಸರ ಸೂಕ್ಷ್ಮ ವಲಯದಲ್ಲಿರುವ ರೈತರು ತಿಳಿದಿರಬೇಕಾದದ್ದು

ಪ್ರಶ್ನೆ: ನಮ್ಮದು ಗುಂಡ್ಲುಪೇಟೆ ತಾಲ್ಲೂಕು. ಬಂಡೀಪುರ ಕಾಡಿನಿಂದ ಒಂದು ಕಿಲೋಮೀಟರ್ ಒಳಗೆ ನಮ್ಮ ಊರು. ತಾತನ ಕಾಲದಿಂದ ಉತ್ತು ಬಿತ್ತಿದ 4 ಎಕರೆ 10 ಗುಂಟೆ ಜಮೀನಿದೆ. ಅರ್ಧದಲ್ಲಿ ಜೋಳ, ಹುರುಳಿ, ಕೊಳವೆ ಬಾವಿ ಇರುವ ಕಡೆ ಅರಿಶಿನ ಮತ್ತು ಟೊಮೆಟೊ. ಆರು ನಾಟಿ ದನಗಳಿವೆ. ಕಳೆದ ವರ್ಷ ತೆನೆ ಕಟ್ಟಿದ ಜೋಳವನ್ನು ಆನೆಗಳು ಎರಡೇ ರಾತ್ರಿಯಲ್ಲಿ ಮುಗಿಸಿದವು. ಈಗ ಬೆಂಗಳೂರಿನವರೊಬ್ಬರು ರೆಸಾರ್ಟ್ ಮಾಡಲು 30 ವರ್ಷದ ಗುತ್ತಿಗೆಗೆ ಕೇಳುತ್ತಿದ್ದಾರೆ. 'ಇದು ಸೂಕ್ಷ್ಮ ವಲಯ, ಸರ್ಕಾರ ಹೇಗೂ ಕಿತ್ತುಕೊಳ್ಳುತ್ತದೆ, ಈಗಲೇ ಕೊಟ್ಟರೆ ನಾಲ್ಕು ಕಾಸಾದರೂ ಕೈಸೇರುತ್ತದೆ' ಎಂಬುದು ಅವರ ಮಾತು. ಹೊಸ ಬೋರು ಕೊರೆಸುವ ಹಾಗಿಲ್ಲ, ಮನೆಯ ಮೇಲೆ ಕೋಣೆ ಕಟ್ಟುವ ಹಾಗಿಲ್ಲ, ಕೊನೆಗೆ ಊರನ್ನೇ ಎಬ್ಬಿಸುತ್ತಾರೆ ಎಂದು ಊರಿನಲ್ಲೂ ಹೇಳುತ್ತಾರೆ. ಮಗ ಮಾರಿಬಿಡೋಣ ಎನ್ನುತ್ತಾನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಜಮೀನು ಕೈಬಿಡುತ್ತದೆ ಎಂಬುದು ಮೊದಲನೆಯದು, ಇದ್ದರೂ ಅದರಲ್ಲಿ ಏನೂ ಮಾಡಲಾಗುವುದಿಲ್ಲ ಎಂಬುದು ಎರಡನೆಯದು, ಮಾಡಿದರೂ ಆನೆ ಉಳಿಸುವುದಿಲ್ಲ ಎಂಬುದು ಮೂರನೆಯದು. ಅರಣ್ಯ ಇಲಾಖೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ, ಅದರ ಬಹುಭಾಗವನ್ನು ಮೈಸೂರು ಮತ್ತು ಚಾಮರಾಜನಗರ ಜಿಲ್ಲೆಗಳ ಕಾಡಂಚಿನಲ್ಲೇ ಕಳೆದವನಾಗಿ ಹೇಳುತ್ತೇನೆ: ಮೊದಲನೆಯ ಭಯಕ್ಕೆ ಆಧಾರವಿಲ್ಲ, ಎರಡನೆಯದರಲ್ಲಿ ಸ್ವಲ್ಪ ಸತ್ಯವಿದೆ, ಮೂರನೆಯದು ಪೂರ್ತಿ ನಿಜ. ಗುತ್ತಿಗೆ ಕೇಳುತ್ತಿರುವವರು ಆ ಸುಳ್ಳು ಭಯವನ್ನು ಮುಂದಿಟ್ಟುಕೊಂಡು ವ್ಯಾಪಾರ ಕುದುರಿಸುತ್ತಿದ್ದಾರೆ. ಆದ್ದರಿಂದ ಅದನ್ನೇ ಮೊದಲು ಬಿಡಿಸೋಣ.

ಕಾಡಿನ ಸುತ್ತ ಕಾನೂನು ಎಳೆದಿರುವ ಗೆರೆ ಒಂದಲ್ಲ, ಮೂರು. ಒಳಗಿನದು ಹುಲಿ ಸಂರಕ್ಷಿತ ಪ್ರದೇಶದ ಕೋರ್. ಬಂಡೀಪುರದಲ್ಲಿ ಇದು ಹೆಚ್ಚುಕಡಿಮೆ ರಾಷ್ಟ್ರೀಯ ಉದ್ಯಾನದ ಕಾಡೇ, ಸುಮಾರು 872 ಚದರ ಕಿಲೋಮೀಟರ್. ಅಲ್ಲಿ ಮೇವು, ಕಟ್ಟಿಗೆ, ಬೇಸಾಯ ಯಾವುದಕ್ಕೂ ಅವಕಾಶವಿಲ್ಲ. ಅದರ ಹೊರಗೆ ಬಫರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ತಿದ್ದುಪಡಿಯಾದಾಗ, ಜನರ ಬದುಕು ಮತ್ತು ಪ್ರಾಣಿಗಳ ಓಡಾಟ ಎರಡೂ ಒಟ್ಟಿಗೆ ನಡೆಯಬೇಕಾದ ಜಾಗವೆಂದೇ ಬಫರನ್ನು ವಿವರಿಸಲಾಯಿತು. ಮೂರನೆಯ ಗೆರೆ ಪರಿಸರ ಸೂಕ್ಷ್ಮ ವಲಯದ್ದು. ಇದಕ್ಕೂ ವನ್ಯಜೀವಿ ಕಾಯ್ದೆಗೂ ನೇರ ಸಂಬಂಧವಿಲ್ಲ. ಇದು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರ ಹೊರಡಿಸುವ ಅಧಿಸೂಚನೆ. ಬಂಡೀಪುರದ ಸುತ್ತ ಇದು ಜಾರಿಗೆ ಬಂದದ್ದು 2012ರ ಅಕ್ಟೋಬರಿನಲ್ಲಿ. ನೀವು ಈ ವಲಯದೊಳಗೆ ಹತ್ತು ವರ್ಷಕ್ಕೂ ಮೇಲಿನಿಂದ ಬೇಸಾಯ ಮಾಡುತ್ತಲೇ ಇದ್ದೀರಿ, ಪಹಣಿಯೂ ನಿಮ್ಮ ಹೆಸರಿನಲ್ಲೇ ಇದೆ.

ಈ ಅಧಿಸೂಚನೆ ಜಮೀನಿನ ಒಡೆತನವನ್ನು ಮುಟ್ಟುವುದಿಲ್ಲ. ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳುವುದಿಲ್ಲ, ಅದನ್ನು ಅರಣ್ಯವೆಂದು ಘೋಷಿಸುವುದೂ ಇಲ್ಲ. ಭೂಮಿಯನ್ನು ಯಾವುದಕ್ಕೆ ಬಳಸಬಹುದು ಎಂಬುದನ್ನಷ್ಟೇ ನಿಯಂತ್ರಿಸುತ್ತದೆ. ಊರು ಎಬ್ಬಿಸುವ ಮಾತು ಬರುವುದು ಕೋರ್ ಪ್ರದೇಶದೊಳಗಿನ ಹಳ್ಳಿ ಹಾಡಿಗಳಿಗೆ ಮಾತ್ರ. ಅಲ್ಲಿಯೂ ಸ್ಥಳಾಂತರ ಸ್ವಇಚ್ಛೆಯಿಂದಲೇ ಆಗಬೇಕು, ಗ್ರಾಮಸಭೆಯ ಒಪ್ಪಿಗೆ ಇರಬೇಕು ಎಂದು ಕಾನೂನು ಹೇಳುತ್ತದೆ. ನಿಮ್ಮ ಊರು ಆ ಗೆರೆಯ ಹೊರಗಿದೆ.

ಹಾಗಾದರೆ ಗಾಳಿಮಾತು ಎಲ್ಲಿಂದ ಹುಟ್ಟಿತು? 2022ರ ಜೂನ್ 3ರಂದು ಸುಪ್ರೀಂ ಕೋರ್ಟ್, ದೇಶದ ಎಲ್ಲ ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳ ಸುತ್ತ ಕನಿಷ್ಠ ಒಂದು ಕಿಲೋಮೀಟರ್ ಸೂಕ್ಷ್ಮ ವಲಯ ಇರಲೇಬೇಕು, ಅಲ್ಲಿ ಹೊಸದಾಗಿ ಯಾವ ಕಾಯಂ ಕಟ್ಟಡವೂ ಏಳಬಾರದು ಎಂದು ಆದೇಶಿಸಿತು. ಪಕ್ಕದ ಕೇರಳದಲ್ಲಿ ದೊಡ್ಡ ಪ್ರತಿಭಟನೆಗಳೇ ನಡೆದವು. ಮನೆ ಕಟ್ಟುವ ಬಡವರಿಗೂ ಶಾಲೆ ಕಟ್ಟುವ ಪಂಚಾಯಿತಿಗೂ ಇದರಿಂದ ಕಷ್ಟವಾಗುತ್ತದೆ ಎಂಬುದು ಅರಿವಾಗಿ, 2023ರ ಏಪ್ರಿಲ್ 26ರಂದು ಅದೇ ನ್ಯಾಯಾಲಯ ಆ ಆದೇಶವನ್ನು ತಿದ್ದಿತು; ಬಂಡೀಪುರದಂತೆ ಈಗಾಗಲೇ ಅಧಿಸೂಚನೆ ಇರುವಲ್ಲಿ ಆ ಅಧಿಸೂಚನೆಯ ಷರತ್ತುಗಳೇ ನಡೆಯುತ್ತವೆ. ಮೊದಲ ಆದೇಶದ ಸುದ್ದಿ ಊರೂರು ತಲುಪಿತು, ತಿದ್ದುಪಡಿಯ ಸುದ್ದಿ ಅಷ್ಟು ದೂರ ತಲುಪಲಿಲ್ಲ.

ಇನ್ನು ಷರತ್ತುಗಳ ವಿಚಾರ. ಈ ಬಗೆಯ ವಲಯಗಳಲ್ಲಿ ನಿಷೇಧವಿರುವುದು ಕಲ್ಲು ಗಣಿ, ಕ್ರಷರ್, ಮಾಲಿನ್ಯ ಮಾಡುವ ಕಾರ್ಖಾನೆ, ಹೊಸ ಮರದ ಮಿಲ್ಲು ಇಂಥವುಗಳಿಗೆ. ಹೋಟೆಲು, ರೆಸಾರ್ಟು, ರಸ್ತೆ ಅಗಲೀಕರಣ, ವಿದ್ಯುತ್ ಲೈನು, ಮರ ಕಡಿತ ಇವು ಅನುಮತಿಗೆ ಒಳಪಟ್ಟವು. ನಡೆದುಕೊಂಡು ಬಂದ ಬೇಸಾಯ, ತೋಟಗಾರಿಕೆ, ಹೈನುಗಾರಿಕೆಗಳಿಗೆ ತಡೆಯಿಲ್ಲ. ಮಳೆನೀರು ಕೊಯ್ಲು, ಸಾವಯವ ಕೃಷಿಗಳಿಗೆ ಪ್ರೋತ್ಸಾಹವೇ ಇದೆ. ಸ್ಥಳೀಯರು ಸ್ವಂತ ವಾಸಕ್ಕೆ ಮನೆ ಕಟ್ಟಿಕೊಳ್ಳಬಹುದು, ಇರುವ ಮನೆಗೆ ಕೋಣೆ ಸೇರಿಸಬಹುದು. ಪಂಚಾಯಿತಿಯ ಪರವಾನಗಿ ಎಲ್ಲ ಕಡೆಯಂತೆ ಇಲ್ಲಿಯೂ ಬೇಕು, ಅಷ್ಟೇ. ಸ್ವಂತ ಬೇಸಾಯಕ್ಕೂ ಮನೆಬಳಕೆಗೂ ಅಂತರ್ಜಲ ತೆಗೆಯಬಹುದು, ಮಾರುವುದಕ್ಕೆ ತೆಗೆಯುವಂತಿಲ್ಲ. ನಿಮ್ಮ ಹೊಸ ಬೋರಿಗೆ ಅಡ್ಡಿ ಬರುವುದಿದ್ದರೆ ಅದು ಬಹುಮಟ್ಟಿಗೆ ಅತಿಬಳಕೆಯ ತಾಲ್ಲೂಕುಗಳಿಗೆ ಅನ್ವಯಿಸುವ ರಾಜ್ಯದ ಅಂತರ್ಜಲ ಕಾಯ್ದೆಯಿಂದ ಬರುತ್ತದೆ. ಆದರೂ ನನ್ನ ಮಾತಿನ ಮೇಲೆ ನಿಲ್ಲಬೇಡಿ. ಬಂಡೀಪುರದ ಅಧಿಸೂಚನೆಯ ಪ್ರತಿ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಸಿಗಬೇಕು. ಅದರ ಕೊನೆಯಲ್ಲಿ ಹಳ್ಳಿಗಳ ಪಟ್ಟಿ ಇದೆ. ನಿಮ್ಮ ಊರಿನ ಹೆಸರಿದೆಯೇ ಎಂದು ಸ್ವತಃ ಓದಿಕೊಳ್ಳಿ.

ಈಗ ಗುತ್ತಿಗೆ. ಕರ್ನಾಟಕದಲ್ಲಿ ಸೈನಿಕರು ಮುಂತಾದ ಕೆಲವರನ್ನು ಬಿಟ್ಟರೆ ಕೃಷಿ ಜಮೀನನ್ನು ಗುತ್ತಿಗೆ ಕೊಡುವುದನ್ನೇ ಭೂಸುಧಾರಣಾ ಕಾಯ್ದೆ ನಿಷೇಧಿಸಿದೆ. 2020ರ ತಿದ್ದುಪಡಿ ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿ ತೆರೆಯಿತೇ ಹೊರತು ಗುತ್ತಿಗೆಯ ನಿಷೇಧವನ್ನು ತೆಗೆಯಲಿಲ್ಲ. ರೆಸಾರ್ಟಿಗೆ ಕೊಡಬೇಕಾದರೆ ಮೊದಲು ಜಿಲ್ಲಾಧಿಕಾರಿಯಿಂದ ಭೂಪರಿವರ್ತನೆ ಆಗಬೇಕು. ಸೂಕ್ಷ್ಮ ವಲಯದೊಳಗೆ ಅತ್ಯಂತ ಬಿಗಿಯಾಗಿರುವ ಬಾಗಿಲು ಅದೇ: ಬೇಸಾಯದ ಭೂಮಿ ವಾಣಿಜ್ಯಕ್ಕೆ ತಿರುಗದಂತೆ ನೋಡಿಕೊಳ್ಳುವುದೇ ಈ ವಲಯದ ಮುಖ್ಯ ಉದ್ದೇಶ. ಪರಿವರ್ತನೆಯಾಗದೆ ಬರೆದ 30 ವರ್ಷದ ಕರಾರು ನಾಳೆ ಬಾಡಿಗೆ ನಿಂತರೆ ನಿಮ್ಮನ್ನು ಕಾಪಾಡುವುದಿಲ್ಲ. ಅಕ್ರಮ ಕಟ್ಟಡವೆಂದು ನೋಟಿಸು ಬಂದಾಗ ಮಾತ್ರ ಅದು ಪಹಣಿಯಲ್ಲಿ ಹೆಸರಿರುವ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ. ಹೀಗೆ ಸಹಿ ಹಾಕಿದ ಒಬ್ಬ ರೈತರನ್ನು ನಾನು ಬಲ್ಲೆ. ಐದು ಕಾಟೇಜುಗಳ ತಳಪಾಯ ಎದ್ದು ಕೆಲಸ ನಿಂತುಹೋಯಿತು, ಹಣ ಹಾಕಿದವರು ಫೋನು ಎತ್ತುವುದನ್ನು ಬಿಟ್ಟರು, ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಸಿಮೆಂಟಿನ ಹಾಸು ಹಾಗೆಯೇ ಉಳಿಯಿತು. ಅದನ್ನು ಒಡೆಸುವ ಖರ್ಚೂ ಅವರದ್ದೇ ಆಯಿತು. ಇನ್ನೊಂದು ಮಾತು: ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ 1978ರ ಪರಭಾರೆ ನಿಷೇಧ ಕಾಯ್ದೆಯೂ ಅನ್ವಯಿಸುತ್ತದೆ, ಪಹಣಿಯ 11ನೇ ಕಾಲಂ ನೋಡಿ.

ಭೂಮಿಯ ಮಾತು ಇಷ್ಟಕ್ಕೆ ಸಾಕು. ನಿಮ್ಮ ನಿಜವಾದ ಕಷ್ಟ ಆನೆಯದು.

'ಕಾಡಿನಲ್ಲಿ ಮೇವಿಲ್ಲ, ಅದಕ್ಕೇ ಊರಿಗೆ ಬರುತ್ತವೆ' ಎಂಬುದು ಒಂದು ವಾದ. 'ಪ್ರಾಣಿಗಳು ಅತಿಯಾಗಿವೆ' ಎಂಬುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸತ್ಯವಿದೆ, ಎರಡೂ ಪೂರ್ಣವಲ್ಲ. ಸಂಖ್ಯೆ ದೊಡ್ಡದು ಎಂಬುದು ನಿಜ: 2023ರ ಗಣತಿಯಲ್ಲಿ ರಾಜ್ಯದಲ್ಲಿ 6,395 ಆನೆಗಳೆಂದು ಅಂದಾಜಾಯಿತು, ಬಂಡೀಪುರದಲ್ಲೇ ಸಾವಿರಕ್ಕೂ ಮೇಲೆ. ಲಂಟಾನ ಪೊದೆ ಕಾಡಿನ ನೆಲವನ್ನು ಆವರಿಸಿ ಹುಲ್ಲಿಗೆ ಬಿಸಿಲು ಬೀಳದಂತೆ ಮಾಡಿರುವುದೂ ನಿಜ. ಆದರೆ ಒಳ್ಳೆಯ ಮಳೆಯಾಗಿ ಕಾಡು ಹಸಿರಾಗಿರುವಾಗಲೇ, ಕಾರ್ತಿಕದ ಹೊತ್ತಿಗೆ, ಜೋಳ ರಾಗಿ ತೆನೆ ಕಟ್ಟುವಾಗಲೇ ಆನೆ ಬರುವುದನ್ನು ನೀವೂ ಕಂಡಿದ್ದೀರಿ. ದೊಡ್ಡ ಆನೆಯೊಂದಕ್ಕೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಅಷ್ಟನ್ನು ಕಾಡಿನಲ್ಲಿ ಹುಡುಕಲು ದಿನದ ಬಹುಪಾಲು ಹೊತ್ತು ಹೋಗುತ್ತದೆ. ನಿಮ್ಮ ಹೊಲದಲ್ಲಿ ಅದಕ್ಕಿಂತ ಹೆಚ್ಚು ಸತ್ವವಿರುವ ತೆನೆ ಒಂದೇ ಕಡೆ ಸಾಲಾಗಿ ನಿಂತಿರುತ್ತದೆ. ಈ ಲೆಕ್ಕ ಹಾಕಿ ಅಪಾಯಕ್ಕೆ ಒಡ್ಡಿಕೊಳ್ಳುವವು ಹೆಚ್ಚಾಗಿ ಗಂಡಾನೆಗಳು. ಮರಿ ಇರುವ ಹೆಣ್ಣಾನೆಗಳ ಗುಂಪು ಸಾಮಾನ್ಯವಾಗಿ ಇಷ್ಟು ಧೈರ್ಯ ಮಾಡುವುದಿಲ್ಲ.

ಒಂದು ರಾತ್ರಿಯನ್ನು ಹೇಳುತ್ತೇನೆ. ಕಾಡಂಚಿನ ಹೊಲವೊಂದರ ಅಟ್ಟಣೆಯ ಮೇಲೆ ರೈತರೊಬ್ಬರ ಜೊತೆ ಕುಳಿತಿದ್ದೆ. ಎರಡು ಗಂಟೆಯ ಸುಮಾರಿಗೆ ಜೋಳದ ದಂಟು ಮುರಿಯುವ ಸದ್ದು ಕೇಳಿತು, ಕಬ್ಬು ಅಗಿದಂತೆ, ನಿಧಾನವಾಗಿ. ಟಾರ್ಚು ಬಿಟ್ಟೆವು, ತಗಡು ಬಡಿದೆವು. ಸಲಗ ಒಮ್ಮೆ ಕಿವಿ ಅಗಲಿಸಿ ನಿಂತು, ನಂತರ ಬೆಳಕಿಗೆ ಬೆನ್ನು ಮಾಡಿ ತಿನ್ನುವುದನ್ನು ಮುಂದುವರಿಸಿತು. ಬೆಳಿಗ್ಗೆ ಮಹಜರಿಗೆ ಬಂದವರು ತುಳಿದ ಸಾಲುಗಳನ್ನು ಹೆಜ್ಜೆಯಲ್ಲಿ ಅಳೆದು ಏಳು ಗುಂಟೆ ಎಂದು ಬರೆದುಕೊಂಡರು. 'ಸಾರ್, ತಿಂದದ್ದು ಏಳು ಗುಂಟೆ, ನಾನು ನಿದ್ದೆ ಕೆಟ್ಟದ್ದು ನಲವತ್ತು ರಾತ್ರಿ' ಎಂದರು ಆ ರೈತರು. ಆ ನಲವತ್ತು ರಾತ್ರಿಗೆ ನಮ್ಮ ಅರ್ಜಿಯಲ್ಲಿ ಕಾಲಂ ಇರಲಿಲ್ಲ, ಇಂದಿಗೂ ಇಲ್ಲ. ಪರಿಹಾರದ ಹಣದಿಂದ ನಷ್ಟ ಪೂರ್ತಿ ತುಂಬಿತು ಎಂದ ರೈತರನ್ನು ನನ್ನ ಸೇವೆಯಲ್ಲಿ ನಾನು ಕಾಣಲಿಲ್ಲ. ಹಾಗೆಂದು ಅರ್ಜಿ ಹಾಕದೆ ಬಿಡಬೇಡಿ. ಹಾನಿ ಕಂಡ ದಿನವೇ ತಿಳಿಸಿ, ದಿನಾಂಕ ಕಾಣುವಂತೆ ಫೋಟೊ ತೆಗೆಯಿರಿ, ಮಹಜರಿನ ಪ್ರತಿ ಇಟ್ಟುಕೊಳ್ಳಿ. ದಾಖಲಾಗದ ಹಾನಿ ಇಲಾಖೆಯ ನಕ್ಷೆಯಲ್ಲಿ ಕಾಣುವುದಿಲ್ಲ, ಕಾಣದ ಕಡೆಗೆ ಬೇಲಿಯ ಹಣವೂ ಬರುವುದಿಲ್ಲ.

ಬೇಲಿಗಳ ಬಗ್ಗೆ ಆಸೆ ಇಟ್ಟುಕೊಳ್ಳಿ, ಆದರೆ ಅವುಗಳ ಮಿತಿಯನ್ನು ತಿಳಿದುಕೊಂಡು. ಆನೆ ಕಂದಕ ಮೊದಲೆರಡು ವರ್ಷ ಚೆನ್ನಾಗಿರುತ್ತದೆ. ಮಳೆಗೆ ದಂಡೆ ಕುಸಿಯುತ್ತದೆ, ಹಳ್ಳ ಹಾಯುವಲ್ಲಿ ಅದು ನಿಲ್ಲುವುದೇ ಇಲ್ಲ, ಆನೆಗಳು ಕಾಲಿನಿಂದ ಮಣ್ಣು ಜರುಗಿಸಿ ದಾರಿ ಮಾಡಿಕೊಳ್ಳುತ್ತವೆ. ರೈಲು ಕಂಬಿಯ ತಡೆಗೋಡೆ ಗಟ್ಟಿ, ಆದರೆ ಬಹಳ ದುಬಾರಿ. ನಾಗರಹೊಳೆಯಲ್ಲಿ 2018ರಲ್ಲಿ ಅದನ್ನು ದಾಟಲು ಹೋಗಿ ಸಿಕ್ಕಿಕೊಂಡು ಒಂದು ಆನೆ ಸತ್ತೇಹೋಯಿತು. ಸೋಲಾರ್ ಬೇಲಿ ನಿಮ್ಮಂಥವರ ಕೈಗೆಟಕುವುದು, ಸರ್ಕಾರದ ಸಹಾಯಧನವೂ ಇದೆ. ಆದರೆ ಅದರ ಜೀವ ತಂತಿಯಲ್ಲಿಲ್ಲ, ದಿನನಿತ್ಯದ ಆರೈಕೆಯಲ್ಲಿದೆ. ಈಚೆಗೆ ನೋಡಿದ ಒಂದು ಬೇಲಿಯಲ್ಲಿ ಕಂಬ, ತಂತಿ, ಫಲಕ ಎಲ್ಲವೂ ಸರಿಯಿದ್ದವು. ಕೆಳಗಿನ ಎಳೆಗೆ ಬಳ್ಳಿ ಹಬ್ಬಿ ಕರೆಂಟು ನೆಲಕ್ಕಿಳಿಯುತ್ತಿತ್ತು, ಬ್ಯಾಟರಿಯ ನೀರು ಬತ್ತಿ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿತ್ತು. ದಂತದಲ್ಲಿ ಕರೆಂಟು ಹರಿಯುವುದಿಲ್ಲ ಎಂಬುದನ್ನು ಸಲಗಗಳು ಕಲಿತುಬಿಟ್ಟಿವೆ. ದಂತದಿಂದಲೇ ತಂತಿ ಹರಿಯುತ್ತವೆ. ಒಬ್ಬರೇ ಹಾಕಿಕೊಂಡ ಬೇಲಿ ಆನೆಯನ್ನು ಪಕ್ಕದವರ ಹೊಲಕ್ಕೆ ತಿರುಗಿಸುತ್ತದೆ, ಹಗೆ ಬೆಳೆಸುತ್ತದೆ. ಎಂಟು ಹತ್ತು ಮನೆಯವರು ಸೇರಿ ಒಂದೇ ಸುತ್ತಿನಲ್ಲಿ ಹಾಕಿ, ಬಳ್ಳಿ ಸವರುವ ಸರದಿ ಗೊತ್ತುಮಾಡಿಕೊಂಡ ಕಡೆ ಮಾತ್ರ ಇದು ವರ್ಷಗಟ್ಟಲೆ ನಿಂತದ್ದನ್ನು ಕಂಡಿದ್ದೇನೆ. ಮನೆಯ ಲೈನಿನಿಂದ ನೇರ ಕರೆಂಟು ಕೊಡುವ ಯೋಚನೆಯನ್ನು ಮಾತ್ರ ಕನಸಿನಲ್ಲೂ ಮಾಡಬೇಡಿ. ಆನೆ ಸತ್ತರೆ ಕನಿಷ್ಠ 3 ವರ್ಷ ಜೈಲು. ಎಷ್ಟೋ ಕಡೆ ಆ ತಂತಿಗೆ ಸಿಕ್ಕಿದ್ದು ಆನೆಯಲ್ಲ, ಬೆಳಿಗ್ಗೆ ಹೊಲಕ್ಕೆ ಬಂದ ಮನೆಯವರೇ.

ಬೆಳೆ ಬದಲಿಸುವ ದಾರಿಯೂ ಇದೆ. ಅರಿಶಿನ, ಮೆಣಸಿನಕಾಯಿ, ನಿಮ್ಮ ತಾಲ್ಲೂಕಿನಲ್ಲಿ ಈಗಾಗಲೇ ಕಂಪನಿಗಳಿಗಾಗಿ ಬೆಳೆಯುವ ಚೆಂಡು ಹೂ ಇವನ್ನು ಆನೆ ಇಷ್ಟಪಟ್ಟು ತಿನ್ನುವುದಿಲ್ಲ. ಆದರೆ ತಿನ್ನದಿದ್ದರೂ ತುಳಿಯುತ್ತದೆ. ಬೆಲೆ ಬಿದ್ದ ವರ್ಷ ಮನೆಗೆ ಊಟದ ಜೋಳವೂ ಇರುವುದಿಲ್ಲ, ದನಕ್ಕೆ ದಂಟೂ ಇರುವುದಿಲ್ಲ. ನನ್ನ ಸಲಹೆ ಏನೆಂದರೆ, ಕಾಡಿನ ಕಡೆಯ ಅಂಚಿಗೆ ಇಂಥ ಬೆಳೆ, ಮನೆಯ ಮಗ್ಗುಲಿಗೆ ಜೋಳ ಇರಲಿ. ಜೋಳವನ್ನು ಅಕ್ಕಪಕ್ಕದವರೆಲ್ಲ ಒಂದೇ ವಾರದಲ್ಲಿ ಬಿತ್ತಿ ಒಂದೇ ವಾರದಲ್ಲಿ ಕೊಯ್ಯಿರಿ, ಕಾಯಬೇಕಾದ ರಾತ್ರಿಗಳು ಕಡಿಮೆಯಾಗುತ್ತವೆ.

ದನಗಳ ಬಗ್ಗೆ ನೀವು ಕೇಳಲಿಲ್ಲ, ಆದರೂ ಅದನ್ನು ಬಿಡಲಾರೆ. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಹಾಲು ಕೊಡದ ನಾಟಿ ದನಗಳ ದೊಡ್ಡ ಮಂದೆಗಳು ಬೆಳೆದದ್ದಕ್ಕೆ ಒಂದು ಕಾರಣ ಕಾಡಿನಾಚೆ ಇತ್ತು: ಇಲ್ಲಿನ ಒಣ ಸಗಣಿ ಲಾರಿಗಳಲ್ಲಿ ಕೇರಳದ ಕಾಫಿ ತೋಟಗಳಿಗೆ ಹೋಗುತ್ತಿತ್ತು, ತೊಂಬತ್ತರ ದಶಕದಲ್ಲಿ ಕಾಫಿಯ ಬೆಲೆ ಏರಿದಾಗ ಸಗಣಿಯೇ ವ್ಯಾಪಾರದ ಸರಕಾಯಿತು. ಹುಲ್ಲು ಬಂಡೀಪುರದ್ದು, ಲಾಭ ಇನ್ನೆಲ್ಲಿಯದೋ. ಜಿಂಕೆ, ಕಾಟಿಗಳು ತಿನ್ನಬೇಕಾದ ಹುಲ್ಲು ಹಾಗೆ ಬೋಳಾಯಿತು. ರೋಗದ ಅಪಾಯ ಅದಕ್ಕಿಂತ ಹಳೆಯದು: 1968ರಲ್ಲಿ ಬಂಡೀಪುರ, ಮುದುಮಲೈ ಕಾಡುಗಳಲ್ಲಿ ಹಬ್ಬಿದ ದೊಡ್ಡರೋಗಕ್ಕೆ (ರಿಂಡರ್‌ಪೆಸ್ಟ್) ಕಾಟಿಗಳು ಹಿಂಡುಹಿಂಡಾಗಿ ಸತ್ತವು, ಅದು ದನಗಳಿಂದ ಬರುವ ರೋಗ. ಆ ರೋಗ ಈಗ ಲೋಕದಿಂದಲೇ ತೊಲಗಿದೆ, ಆದರೆ ಕಾಲುಬಾಯಿ ಜ್ವರ ಇದೆ. ಅಭಯಾರಣ್ಯದ ಸುತ್ತ 5 ಕಿಲೋಮೀಟರಿನೊಳಗಿನ ದನಗಳಿಗೆ ಲಸಿಕೆ ಹಾಕಿಸುವ ಏರ್ಪಾಡನ್ನು ವನ್ಯಜೀವಿ ಕಾಯ್ದೆ ಹೇಳಿರುವುದು ಇದೇ ಕಾರಣಕ್ಕೆ. ಆರನ್ನು ಮೂರಕ್ಕಿಳಿಸಿ ಕೊಟ್ಟಿಗೆಯಲ್ಲೇ ಮೇಯಿಸುವುದು ನಿಮಗೂ ಕ್ಷೇಮ, ಹಾಲಿನಿಂದ ನಾಲ್ಕು ಕಾಸೂ ಬರುತ್ತದೆ. ಹಸಿ ಮೇವಿಗೆ ಹತ್ತು ಗುಂಟೆ, ಬೇಸಿಗೆಗೆ ಒಣ ಮೇವಿನ ಖರ್ಚು ಇವೆರಡನ್ನೂ ಮೊದಲೇ ಲೆಕ್ಕ ಹಾಕಿ. 2022ರ ಗಣತಿಯಲ್ಲಿ ಬಂಡೀಪುರದಲ್ಲಿ 150 ಹುಲಿಗಳಿದ್ದವು. ಕಾಡಿನೊಳಗೆ ಮೇಯಲು ಬಿಟ್ಟ ದನವನ್ನು ಹುಲಿ ಹಿಡಿದರೆ ಪರಿಹಾರ ಕೇಳುವುದೂ ಕಷ್ಟ. 2025ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ, ಹುಲಿ ಕೊಂದ ಹಸುವಿಗೆ ವಿಷ ಹಾಕಿದ್ದರಿಂದ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಒಟ್ಟಿಗೆ ಸತ್ತವು. ಒಂದು ಹಸು ಹೋದ ಮನೆಯ ಸಂಕಟ ನನಗೆ ಗೊತ್ತು. ಆ ಸಂಕಟಕ್ಕೆ ತಕ್ಷಣ ಕಿವಿಗೊಡುವವರು ಬೇಕು ಎಂಬುದನ್ನು ಇಲಾಖೆಯೊಳಗೆ ಇದ್ದಾಗಲೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ಬೇರೆ ಕಡೆ ಹೇಗೆ ಹೊಂದಿಸಿಕೊಂಡಿದ್ದಾರೆ ಎಂದು ಮಗನಿಗೆ ಹೇಳುವುದಾದರೆ ಎರಡು ಉದಾಹರಣೆ ಸಾಕು. ಚಿಕ್ಕಮಗಳೂರಿನ ಭದ್ರಾ ಕಾಡಿನೊಳಗಿದ್ದ ನಾನೂರಕ್ಕೂ ಹೆಚ್ಚು ಕುಟುಂಬಗಳು 2002ರ ಸುಮಾರಿಗೆ ಹೊರಬಂದವು; ನೀರಾವರಿ ಜಮೀನು, ಮನೆ ಮೊದಲು ಸಿದ್ಧವಾಗಿ ನಂತರ ಜನ ಹೊರಟಿದ್ದರಿಂದ ಅದು ದೇಶದಲ್ಲೇ ಚೆನ್ನಾಗಿ ನಡೆದ ಸ್ಥಳಾಂತರಗಳಲ್ಲಿ ಒಂದೆನಿಸಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಆದದ್ದು ಇದಕ್ಕೆ ಪೂರ್ತಿ ಬೇರೆ: 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ ಅಲ್ಲಿನ ಸೋಲಿಗರು ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಪಡೆದು ಕಾಡಿನಲ್ಲೇ ಉಳಿದರು, ಜೇನು ನೆಲ್ಲಿಕಾಯಿ ಸಂಗ್ರಹದ ಹಕ್ಕೂ ಅವರಿಗೆ ಸಿಕ್ಕಿತು. ಒಂದೇ ಮದ್ದು ಎಲ್ಲ ಕಾಡಿಗೂ ಹೊಂದುವುದಿಲ್ಲ. ಆನೆದಾರಿಗೆ ಅಡ್ಡಬಂದ ಪಟ್ಟಾ ಜಮೀನನ್ನು ವನ್ಯಜೀವಿ ಸಂಸ್ಥೆಯೊಂದು ಬೆಲೆ ಕೊಟ್ಟು ಕೊಂಡ ಉದಾಹರಣೆಯೂ ನಮ್ಮ ಜಿಲ್ಲೆಯಲ್ಲೇ ಇದೆ: ಎಡೆಯಾರಳ್ಳಿ–ದೊಡ್ಡಸಂಪಿಗೆ ನಡುವೆ ಸುಮಾರು 25 ಎಕರೆ. ನಿಮ್ಮ ಜಮೀನು ಅಂಥ ದಾರಿಯ ಮೇಲಿದ್ದು, ಮಾರಲೇಬೇಕೆಂದು ಮನೆಯವರೆಲ್ಲ ಒಪ್ಪಿದರೆ, ರೆಸಾರ್ಟಿಗೆ ಕೊಡುವ ಮೊದಲು ಈ ಬಾಗಿಲನ್ನು ತಟ್ಟಿ ನೋಡಿ. ಬೆಲೆ ಕಡಿಮೆ ಬರಬಹುದು, ತಡವೂ ಆಗಬಹುದು. ಆದರೆ ಕಾಗದ ಗಟ್ಟಿಯಾಗಿರುತ್ತದೆ.

ನನ್ನನ್ನು ಕೇಳಿದರೆ ಮಾರಬೇಡಿ ಎನ್ನುತ್ತೇನೆ. ಜೋಳದ ಹೊಲಕ್ಕೆ ಆನೆ ಬಂದು ಹೋಗುತ್ತದೆ, ಹತ್ತಿರದ ಬಂಡೆಯ ಮೇಲೆ ಚಿರತೆ ಮಲಗುತ್ತದೆ. ಗೋಡೆ, ದೀಪ, ಈಜುಕೊಳ ಎದ್ದ ಕಡೆ ಆನೆಯ ದಾರಿಯೇ ಮುಚ್ಚಿ, ಅದು ಪಕ್ಕದ ಊರಿಗೆ ತಿರುಗುತ್ತದೆ. ನೀವು ಬೇಸಾಯ ಮಾಡಿಕೊಂಡಿರುವುದರಿಂದಲೇ ಈ ಕಾಡಿನ ಅಂಚು ಅಂಚಾಗಿ ಉಳಿದಿದೆ. ಅದರ ಖರ್ಚನ್ನೆಲ್ಲ ನಿಮ್ಮೊಬ್ಬರ ತಲೆಗೆ ಕಟ್ಟಿರುವುದು ಮಾತ್ರ ಅನ್ಯಾಯ, ಅದನ್ನು ಮುಚ್ಚಿಡುವುದಿಲ್ಲ. ಸಫಾರಿಗೆ ಬರುವವರ ದುಡ್ಡಿನಲ್ಲಿ ಒಂದು ಪಾಲು ಬೇಲಿಯ ಆರೈಕೆಗೆ, ರಾತ್ರಿ ಕಾಯುವವರ ಕೂಲಿಗೆ ಬರಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳಿಸಿ; ಸೂಕ್ಷ್ಮ ವಲಯದ ಉಸ್ತುವಾರಿ ಸಮಿತಿಗೂ ಒಂದು ಪ್ರತಿ ಹೋಗಲಿ. ಒಬ್ಬರ ಅರ್ಜಿ ಕಡತದಲ್ಲಿ ಮಲಗುತ್ತದೆ, ಠರಾವಿಗೆ ಉತ್ತರ ಕೊಡಬೇಕಾಗುತ್ತದೆ.

ಸದ್ಯಕ್ಕೆ, ಗುತ್ತಿಗೆ ಕೇಳುವವರು ಮತ್ತೆ ಬಂದಾಗ ಒಂದೇ ಮಾತು ಹೇಳಿ: ಭೂಪರಿವರ್ತನೆಯ ಆದೇಶ ಮತ್ತು ಸಮಿತಿಯ ಅನುಮತಿ ಎರಡನ್ನೂ ಅವರ ಖರ್ಚಿನಲ್ಲಿ ತರಿಸಿ ಮುಂದಿಟ್ಟರೆ ಮಾತಾಡೋಣ, ಅದಕ್ಕೂ ಮೊದಲು ಮುಂಗಡ ಬೇಡ. ಪಹಣಿ, ಮ್ಯುಟೇಶನ್ ಪ್ರತಿ, ಕಳೆದ ವರ್ಷದ ಬೆಳೆಹಾನಿಯ ಮಹಜರು ಈ ಮೂರನ್ನು ಒಂದೇ ಕವರಿನಲ್ಲಿ ಮನೆಯಲ್ಲಿಡಿ, ಯಾರಿಗೂ ಮೂಲಪ್ರತಿ ಕೊಡಬೇಡಿ. ಮಗನನ್ನು ಕರೆದುಕೊಂಡು ಈ ವಾರವೇ ವಲಯ ಕಚೇರಿಗೆ ಹೋಗಿ. ಅಧಿಸೂಚನೆಯ ಕೊನೆಯ ಪುಟಗಳಲ್ಲಿ ನಿಮ್ಮ ಊರಿನ ಹೆಸರನ್ನು ಅವನೇ ಬೆರಳಿಟ್ಟು ಹುಡುಕಲಿ.